ಪ್ರಿಡಯಾಬಿಟಿಸ್, ಫ್ಯಾಟಿ ಲಿವರ್ ಇದ್ದಾಗ ಹಣ್ಣು ತಿನ್ನುವ ಕ್ರಮ: ತಕ್ಕಡಿಯಿಂದ ಮರುಪರೀಕ್ಷೆಯವರೆಗೆ

ಪ್ರಿಡಯಾಬಿಟಿಸ್ (ಶುಗರ್ ಕಾಯಿಲೆಯ ಹಿಂದಿನ ಹಂತ), ಫ್ಯಾಟಿ ಲಿವರ್ (ಲಿವರ್‌ನಲ್ಲಿ ಕೊಬ್ಬು ತುಂಬುವುದು) ಇದ್ದು, "ದಿನಾ ಹಣ್ಣು ತಿನ್ನಿ" ಎಂದು ನಾನು ಹೇಳಿ ಕಳಿಸಿದವರಲ್ಲಿ ಸುಮಾರು ಜನ ಮೂರು ತಿಂಗಳಾದ ಮೇಲೆ ಹೊಸ ರಿಪೋರ್ಟ್ ಹಿಡಿದು ಬರುತ್ತಾರೆ. ಶುಗರ್ ಇಳಿದಿರುವುದಿಲ್ಲ. ಕೆಲವರದು ಏರಿರುತ್ತದೆ. ನಾನು ಮುಂಬೈ ಪಕ್ಕದ ಠಾಣೆ ಊರಿನಲ್ಲಿ ಡಯಟಿಷಿಯನ್, ನನ್ನ ಹತ್ತಿರ ಬರುವವರಲ್ಲಿ ಮುಲುಂಡ್, ಡೊಂಬಿವಲಿ, ಮಾಟುಂಗಾ ಕಡೆಯ ಕನ್ನಡದವರೇ ಜಾಸ್ತಿ. ಕೂತು ವಿಚಾರಿಸಿದರೆ ಎಲ್ಲರದೂ ಹೆಚ್ಚುಕಡಿಮೆ ಒಂದೇ ಕಥೆ. ಚಹಾ, ಖಾರಿ ಬಿಸ್ಕತ್ತು, ಮಧ್ಯಾಹ್ನದ ಅನ್ನ, ರಾತ್ರಿಯ ಚಪಾತಿ ಎಲ್ಲ ಮೊದಲಿನ ಹಾಗೇ ನಡೆದಿರುತ್ತದೆ, ಅದರ ಮೇಲೆ ರಾತ್ರಿ ಹತ್ತಕ್ಕೆ ಟಿವಿ ಮುಂದೆ ಒಂದು ದೊಡ್ಡ ಬೋಗುಣಿ ಹಣ್ಣು. ಇನ್ನು ಕೆಲವರು ಇದಕ್ಕೆ ಪೂರ್ತಿ ಉಲ್ಟಾ: ಹೆದರಿ ಹಣ್ಣನ್ನೇ ಬಿಟ್ಟಿರುತ್ತಾರೆ, ಬಿಸ್ಕತ್ತು ಮಾತ್ರ ಬಿಟ್ಟಿರುವುದಿಲ್ಲ.

ತಪ್ಪು ನನ್ನದೂ ಇತ್ತು. ಏನು ತಿನ್ನಬೇಕೆಂದು ಹೇಳಿದೆ, ಯಾವುದರ ಬದಲಿಗೆ ಎಂದು ಹೇಳಲಿಲ್ಲ. ಹಣ್ಣನ್ನು ಇರುವ ಊಟದ ಮೇಲೆ ಪೇರಿಸಿದರೆ ಲಿವರ್‌ಗೆ ಅದು ಹೊಸ ಹೊರೆ. ಬೇರೆ ಏನನ್ನಾದರೂ ತೆಗೆದು ಆ ಜಾಗಕ್ಕೆ ಹಣ್ಣು ಇಟ್ಟರೆ ಮಾತ್ರ ಉಪಯೋಗ. ಕೆಳಗಿನ ಹಂತಗಳೆಲ್ಲ ಇದರ ಮೇಲೆಯೇ ನಿಂತಿವೆ, ಅದಕ್ಕೇ ಕ್ರಮ ತಪ್ಪಿಸಬೇಡಿ.

## ಯಾರು ಇದನ್ನು ತಾವೇ ಶುರು ಮಾಡಬಾರದು

ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು, ಇನ್ಸುಲಿನ್ ಅಥವಾ ಶುಗರ್ ತೀರಾ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರು, ಸಿರೋಸಿಸ್ (ಲಿವರ್ ಹಾಳಾಗಿ ಗಟ್ಟಿಯಾಗಿರುವುದು) ಇದೆ ಎಂದು ವೈದ್ಯರು ಹೇಳಿರುವವರು. ನಿಮ್ಮ ಲೆಕ್ಕವೇ ಬೇರೆ. ಇದನ್ನು ಓದಿ, ಆದರೆ ನಿಮ್ಮ ಡಾಕ್ಟರನ್ನು ಕೇಳದೆ ಏನನ್ನೂ ಬದಲಿಸಬೇಡಿ.

## ಬೇಕಾದ ಸಾಮಾನು

ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ. ಗ್ಲುಕೋಮೀಟರ್, ಜೊತೆಗೆ 25 ಸ್ಟ್ರಿಪ್. ಹೊಲಿಗೆಯ ಅಳತೆ ಟೇಪು. ಒಂದು ನೋಟ್‌ಬುಕ್. ಇವುಗಳಲ್ಲಿ ಜನ ತಪ್ಪದೆ ಬಿಡುವುದು ತಕ್ಕಡಿಯನ್ನು. "ಒಂದು ಹಣ್ಣು" ಅನ್ನುವುದು ಅಳತೆಯೇ ಅಲ್ಲ. ಏಲಕ್ಕಿ ಬಾಳೆಯೂ ಒಂದು ಹಣ್ಣೇ, ಜಳಗಾಂವ್ ಕಡೆಯಿಂದ ಬರುವ ಉದ್ದ ಬಾಳೆಯೂ ಒಂದು ಹಣ್ಣೇ, ಅಲ್ವಾ?

## ಹಂತ 1: ಎಲ್ಲಿ ನಿಂತಿದ್ದೀರಿ ಎಂದು ನೋಡಿ

ಖಾಲಿ ಹೊಟ್ಟೆಯ ಶುಗರ್ 100ರಿಂದ 125, ಅಥವಾ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 5.7ರಿಂದ 6.4, ಅಥವಾ ಗ್ಲುಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡಿದಾಗ 140ರಿಂದ 199. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಅಳತೆಯಲ್ಲಿ ಇದು ಪ್ರಿಡಯಾಬಿಟಿಸ್. ವಿಶ್ವ ಆರೋಗ್ಯ ಸಂಸ್ಥೆ ಖಾಲಿ ಹೊಟ್ಟೆಯ ಅಂಕಿಯನ್ನು 110ರಿಂದ ಹಿಡಿಯುತ್ತದೆ, ಹಾಗಾಗಿ ಇಬ್ಬರು ಡಾಕ್ಟರು ಎರಡು ಮಾತು ಹೇಳಿದರೆ ಗಾಬರಿ ಬೇಡ. ಖಾಲಿ ಹೊಟ್ಟೆಯಲ್ಲಿ 126, ಎಚ್‌ಬಿಎ1ಸಿಯಲ್ಲಿ 6.5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಈ ಬರಹ ಬದಿಗಿಟ್ಟು ಮೊದಲು ವೈದ್ಯರನ್ನು ಕಾಣಿ.

ಎಚ್‌ಬಿಎ1ಸಿ ಒಂದನ್ನೇ ನಂಬಿ ಕೂರಬೇಡಿ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಅದು ಇರುವುದಕ್ಕಿಂತ ಜಾಸ್ತಿ ತೋರಿಸಬಹುದು, ನಮ್ಮ ಹೆಂಗಸರಲ್ಲಿ ಇದು ತುಂಬಾ ಸಾಮಾನ್ಯ. ಥಲಸೀಮಿಯಾ (ವಂಶದಿಂದ ಬರುವ ರಕ್ತದ ತೊಂದರೆ) ವಾಹಕರಲ್ಲೂ, ಇತ್ತೀಚೆಗೆ ರಕ್ತ ಹಾಕಿಸಿಕೊಂಡವರಲ್ಲೂ ಅಂಕಿ ಆಚೀಚೆ ಆಗುತ್ತದೆ. ಹಿಮೋಗ್ಲೋಬಿನ್ ಕೂಡ ಅದೇ ದಿನ ನೋಡಿಸಿ.

ಲಿವರ್ ಬಗ್ಗೆ ಮೂರು ಕಡೆ ಕಣ್ಣು ಹಾಕಬೇಕು. ಎಸ್‌ಜಿಪಿಟಿ, ಎಸ್‌ಜಿಒಟಿ (ಲಿವರ್‌ಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಎರಡು ಎಂಜೈಮ್) ಅಂಕಿ ಒಂದು. ಸೋನೋಗ್ರಫಿಯಲ್ಲಿ "ಫ್ಯಾಟಿ ಲಿವರ್ ಗ್ರೇಡ್ 1" ಎಂದೋ 2 ಎಂದೋ ಬರೆದಿದೆಯೇ ಎನ್ನುವುದು ಇನ್ನೊಂದು. ಎಸ್‌ಜಿಪಿಟಿ ನಾರ್ಮಲ್ ಇದ್ದರೂ ಲಿವರ್‌ನಲ್ಲಿ ಕೊಬ್ಬು ಇರಬಹುದು, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಜಿಮ್‌ನಲ್ಲಿ ಭಾರ ಎತ್ತಿದ ಮರುದಿನ ಪರೀಕ್ಷೆಗೆ ರಕ್ತ ಕೊಟ್ಟರೆ ಎಸ್‌ಜಿಪಿಟಿ, ಎಸ್‌ಜಿಒಟಿ ಎರಡೂ ಏರಿರಬಹುದು, ಏಕೆಂದರೆ ಸ್ನಾಯುವಿನಲ್ಲೂ ಇವು ಇರುತ್ತವೆ.

ಮೂರನೆಯದು ಫಿಬ್-4, ಲಿವರ್ ಗಟ್ಟಿಯಾಗಿದೆಯೇ ಎಂದು ಅಂದಾಜಿಸುವ ಲೆಕ್ಕ. ಇದಕ್ಕೆ ಬೇರೆ ಪರೀಕ್ಷೆ ಬೇಡ, ಇರುವ ಅಂಕಿಗಳಿಂದಲೇ ಲೆಕ್ಕ ಹಾಕಬಹುದು. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಎಸ್‌ಜಿಪಿಟಿಯ ವರ್ಗಮೂಲವನ್ನು ಪ್ಲೇಟ್‌ಲೆಟ್‌ನಿಂದ ಗುಣಿಸಿ, ಬಂದದ್ದರಿಂದ ಮೊದಲಿನ ಉತ್ತರವನ್ನು ಭಾಗಿಸಿ. ಉದಾಹರಣೆಗೆ ವಯಸ್ಸು 48, ಎಸ್‌ಜಿಒಟಿ 38, ಎಸ್‌ಜಿಪಿಟಿ 52, ಪ್ಲೇಟ್‌ಲೆಟ್ 2.4 ಲಕ್ಷ ಎಂದಿಟ್ಟುಕೊಳ್ಳಿ. 48 ಗುಣಿಸು 38 ಅಂದರೆ 1824. 52ರ ವರ್ಗಮೂಲ ಸುಮಾರು 7.2. ಪ್ಲೇಟ್‌ಲೆಟ್ 2.4 ಲಕ್ಷ ಅಂದರೆ ಇಲ್ಲಿ ಸಾವಿರದ ಲೆಕ್ಕದಲ್ಲಿ 240 ಎಂದು ಹಾಕಬೇಕು, ತಪ್ಪಾಗುವುದೇ ಈ ಜಾಗದಲ್ಲಿ. ಉತ್ತರ ಸುಮಾರು 1.05. 1.3ಕ್ಕಿಂತ ಕಡಿಮೆ ಇದ್ದರೆ ಲಿವರ್ ಗಟ್ಟಿಯಾಗಿರುವ ಸಾಧ್ಯತೆ ಕಡಿಮೆ. 65 ದಾಟಿದವರಿಗೆ ಈ ಗೆರೆ 2. ಇದಕ್ಕಿಂತ ಜಾಸ್ತಿ ಬಂದರೆ ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಸ್ಕ್ಯಾನ್) ಬೇಕೇ ಎಂದು ಡಾಕ್ಟರನ್ನು ಕೇಳಿ. 2.67 ದಾಟಿದ್ದರೆ ತಡಮಾಡಬೇಡಿ.

ಕೊನೆಗೆ ಸೊಂಟದ ಸುತ್ತಳತೆ. ನಮ್ಮ ಕಡೆಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80, ಅದಕ್ಕಿಂತ ಜಾಸ್ತಿ ಇರಬಾರದು. ಕೈಕಾಲು ಸಣಕಲು, ಹೊಟ್ಟೆ ಮಾತ್ರ ಮುಂದೆ ಇರುವವರು "ನಾನು ತೆಳ್ಳಗಿದ್ದೇನೆ" ಎಂದುಕೊಂಡು ಮೋಸ ಹೋಗುತ್ತಾರೆ. ತೂಕದ ಯಂತ್ರ ಇವರ ಬಗ್ಗೆ ಏನೂ ಹೇಳುವುದಿಲ್ಲ, ಟೇಪು ಹೇಳುತ್ತದೆ.

## ಹಂತ 2: ಒಂದು ವಾರ ಏನೂ ಬದಲಿಸದೆ ಬರೆದಿಡಿ

ಬಾಯಿಗೆ ಹೋದದ್ದೆಲ್ಲ ನೋಟ್‌ಬುಕ್‌ನಲ್ಲಿ ಬರಲಿ. ಆಫೀಸಿನ ಕಟಿಂಗ್ ಚಹಾ, ಸ್ಟೇಷನ್ ಹೊರಗಿನ ವಡಾಪಾವ್, ದೇವಸ್ಥಾನದ ಪ್ರಸಾದದ ಬಾಳೆಹಣ್ಣು, ಮಕ್ಕಳು ಬಿಟ್ಟ ಅರ್ಧ ಬಿಸ್ಕತ್ತು. ಗಂಟೆಯನ್ನೂ ಬರೆಯಿರಿ.

ಡೊಂಬಿವಲಿಯಿಂದ ಫೋರ್ಟ್‌ಗೆ ಹೋಗಿಬರುವ ಒಬ್ಬ ಮಾಮ ಇದ್ದಾರೆ. "ನಾನು ಸಿಹಿ ಮುಟ್ಟುವುದೇ ಇಲ್ಲಮ್ಮ" ಎಂದರು. ಬರೆಯಿಸಿದೆ. ದಿನಕ್ಕೆ ನಾಲ್ಕು ಚಹಾ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಎಂಟು ಚಮಚ, ಅಂದರೆ 35 ಗ್ರಾಂ ಆಸುಪಾಸು. ಅವರಿಗೆ ಅದು ಸಿಹಿ ಎಂದೇ ಅನ್ನಿಸಿರಲಿಲ್ಲ, ಚಹಾ ಅಂದರೆ ಚಹಾ. ಏನನ್ನು ತೆಗೆದು ಹಣ್ಣಿಗೆ ಜಾಗ ಮಾಡಬೇಕೆಂದು ತೋರಿಸುವುದು ಈ ಒಂದು ವಾರದ ಬರಹವೇ. ಇದನ್ನು ಹಾರಿಸಿ ಮುಂದೆ ಹೋದವರು ಯಾರೂ ನನ್ನ ಅನುಭವದಲ್ಲಿ ಮೂರು ತಿಂಗಳು ಬಾಳಿಸಿಲ್ಲ.

## ಹಂತ 3: ಹಣ್ಣು ತರುವ ಮೊದಲು ಜ್ಯೂಸ್ ಮತ್ತು ಸಕ್ಕರೆ ತೆಗೆಯಿರಿ

ಸ್ವಲ್ಪ ಒಳಗಿನ ಕೆಲಸ ತಿಳಿದುಕೊಂಡರೆ ಈ ಹಂತ ಯಾಕೆ ಮೊದಲು ಎಂದು ಅರ್ಥವಾಗುತ್ತದೆ. ಹಣ್ಣಿನಲ್ಲಿ ಮುಖ್ಯವಾಗಿ ಗ್ಲುಕೋಸ್, ಫ್ರಕ್ಟೋಸ್ ಮತ್ತು ಇವೆರಡೂ ಸೇರಿದ ಸುಕ್ರೋಸ್ ಇರುತ್ತವೆ. ಗ್ಲುಕೋಸನ್ನು ಸ್ನಾಯು, ಮೆದುಳು, ಎಲ್ಲ ಅಂಗಗಳೂ ಬಳಸುತ್ತವೆ. ಫ್ರಕ್ಟೋಸಿನ ಬಹುಪಾಲು ಕೆಲಸ ಬೀಳುವುದು ಲಿವರ್ ಮೇಲೆ. ನಿಧಾನವಾಗಿ, ಸ್ವಲ್ಪಸ್ವಲ್ಪ ಬಂದರೆ ಸುಧಾರಿಸಿಕೊಳ್ಳುತ್ತದೆ. ಒಮ್ಮೆಲೇ ಸುರಿದರೆ, ಅದೂ ಹೊಟ್ಟೆ ತುಂಬಿ ಶಕ್ತಿ ಮಿಕ್ಕಿರುವಾಗ ಸುರಿದರೆ, ಲಿವರ್ ಅದನ್ನು ಕೊಬ್ಬಾಗಿ ಮಾಡಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ, ಒಂದಷ್ಟನ್ನು ಟ್ರೈಗ್ಲಿಸರೈಡ್ ರೂಪದಲ್ಲಿ ರಕ್ತಕ್ಕೆ ಬಿಡುತ್ತದೆ. ನಿಮ್ಮ ಲಿಪಿಡ್ ರಿಪೋರ್ಟ್‌ನಲ್ಲಿ ಟ್ರೈಗ್ಲಿಸರೈಡ್ 150 ದಾಟಿದ್ದರೆ ಅದನ್ನೂ ಇದರ ಜೊತೆಗೇ ಓದಬೇಕು.

ಇಡೀ ಹಣ್ಣನ್ನು ಅಗಿಯಬೇಕು. ಅದರಲ್ಲಿ ನಾರಿದೆ, ನೀರಿದೆ, ಸಕ್ಕರೆ ಕೋಶಗಳ ಒಳಗಿದೆ. ಹೊಟ್ಟೆ ಬೇಗ ತುಂಬುತ್ತದೆ. ಒಂದು ಲೋಟ ಮೂಸಂಬಿ ಜ್ಯೂಸ್‌ಗೆ ಮೂರೋ ನಾಲ್ಕೋ ಹಣ್ಣು ಬೇಕು, ಎರಡು ನಿಮಿಷದಲ್ಲಿ ಕುಡಿದು ಮುಗಿಯುತ್ತದೆ, ಜ್ಯೂಸ್ ಸೆಂಟರ್‌ನಲ್ಲಿ ಸಕ್ಕರೆ ಪಾಕ ಬೇರೆ ಬೀಳುತ್ತದೆ. 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ದೊಡ್ಡ ಅಧ್ಯಯನ ಅಮೆರಿಕದ ಆರೋಗ್ಯ ಕ್ಷೇತ್ರದ 1,87,000ಕ್ಕೂ ಜಾಸ್ತಿ ಜನರನ್ನು ವರ್ಷಗಟ್ಟಲೆ ಗಮನಿಸಿತ್ತು. ಇಡೀ ಹಣ್ಣು, ಅದರಲ್ಲೂ ಬ್ಲೂಬೆರಿ, ದ್ರಾಕ್ಷಿ, ಸೇಬು ಜಾಸ್ತಿ ತಿನ್ನುವವರಲ್ಲಿ ಟೈಪ್ 2 ಡಯಾಬಿಟಿಸ್ ಕಡಿಮೆ ಕಂಡಿತು, ಜ್ಯೂಸ್ ಜಾಸ್ತಿ ಕುಡಿಯುವವರಲ್ಲಿ ಜಾಸ್ತಿ. ಇಂಥ ಅಧ್ಯಯನ ಕಾರಣವನ್ನು ಸಾಬೀತು ಮಾಡುವುದಿಲ್ಲ, ಆದರೆ ಮೇಲೆ ಹೇಳಿದ ಒಳಗಿನ ಕೆಲಸಕ್ಕೆ ಇದು ಸರಿಯಾಗಿ ಕೂಡುತ್ತದೆ.

ಹಾಗೆಂದು ಇಡೀ ಹಣ್ಣನ್ನು ಎಷ್ಟು ಬೇಕಾದರೂ ತಿನ್ನಬಹುದು ಎಂದಲ್ಲ. ಇರಾನ್‌ನಲ್ಲಿ ಫ್ಯಾಟಿ ಲಿವರ್ ಇದ್ದವರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಒಂದು ಚಿಕ್ಕ ಪರೀಕ್ಷೆಯಲ್ಲಿ ಒಂದು ಗುಂಪಿಗೆ ದಿನಕ್ಕೆ ಕನಿಷ್ಠ ನಾಲ್ಕು ಪಾಲು ಹಣ್ಣು, ಇನ್ನೊಂದಕ್ಕೆ ಎರಡಕ್ಕಿಂತ ಕಡಿಮೆ. ಆರು ತಿಂಗಳ ಮೇಲೆ ಜಾಸ್ತಿ ಹಣ್ಣು ತಿಂದವರ ಲಿವರ್ ಅಂಕಿಗಳೇ ಕೆಟ್ಟವು. ಹಣ್ಣನ್ನು ಔಷಧಿ ಎಂದುಕೊಂಡು ಪೇರಿಸುವವರು ಇದನ್ನು ನೆನಪಿಡಬೇಕು.

ಈಗ ತೆಗೆಯುವ ಪಟ್ಟಿ. ಎಲ್ಲ ಜ್ಯೂಸ್, ಮನೆಯಲ್ಲಿ ಮಾಡಿದ್ದೂ ಸೇರಿ. ಬಾಟಲಿ ಕೋಕಂ ಶರಬತ್: ಲೇಬಲ್‌ನಲ್ಲಿ ಜಾಸ್ತಿ ಇರುವ ವಸ್ತುವನ್ನೇ ಮೊದಲು ಬರೆಯಬೇಕೆಂಬ ನಿಯಮವಿದೆ, ತಿರುಗಿಸಿ ಓದಿ, ಸಾಮಾನ್ಯವಾಗಿ ಸಕ್ಕರೆಯೇ ಮೊದಲು. ಉಪ್ಪು ಹಾಕಿದ ಮುರುಗಲು (ಕೋಕಂ) ನೀರು, ಸೋಲ್‌ಕಡಿ ಬೇಕಾದರೆ ಕುಡಿಯಿರಿ. ಸೀಕರಣೆ, ರಸಾಯನ, ಫ್ರೂಟ್ ಕಸ್ಟರ್ಡ್. "ಸಕ್ಕರೆ ಇಲ್ಲದ" ಖರ್ಜೂರದ ಲಡ್ಡು: ಒಣ ಖರ್ಜೂರದ 100 ಗ್ರಾಂನಲ್ಲಿ 60 ಗ್ರಾಂ ದಾಟಿ ಸಕ್ಕರೆಯೇ ಇರುತ್ತದೆ. ಜೇನು, ಬೆಲ್ಲ ಕೂಡ ಇದೇ ಸಾಲಿಗೆ. ಚಹಾದ ಸಕ್ಕರೆಯನ್ನು ಒಮ್ಮೆಲೇ ಬಿಡಲಾಗದಿದ್ದರೆ ವಾರಕ್ಕೆ ಅರ್ಧ ಚಮಚದಂತೆ ಇಳಿಸಿ, ನಾಲಿಗೆ ಹೊಂದಿಕೊಳ್ಳುತ್ತದೆ.

ಎರಡು ವಾರ ಇಷ್ಟನ್ನೇ ಮಾಡಿ.

## ಹಂತ 4: ತಿರುಳನ್ನು ತೂಗಿ

ಸಿಪ್ಪೆ, ಬೀಜ ತೆಗೆದ ಮೇಲೆ ತೂಗಬೇಕು. ಒಂದು ಪಾಲು ಅಂದರೆ ಸುಮಾರು 15 ಗ್ರಾಂ ಪಿಷ್ಟ-ಸಕ್ಕರೆ ಇರುವಷ್ಟು ಹಣ್ಣು ಎಂದು ಹಿಡಿಯೋಣ. ಪೇರಲೆಯಲ್ಲಿ ಅದು 100 ಗ್ರಾಂ ಆಸುಪಾಸು, ಸೇಬಿನಲ್ಲಿ 110, ಕಿತ್ತಳೆಯಲ್ಲಿ 125, ಪಪ್ಪಾಯಿಯಲ್ಲಿ 140, ಕಲ್ಲಂಗಡಿಯಲ್ಲಿ 200. ಮಾವು 100. ದ್ರಾಕ್ಷಿ, ದಾಳಿಂಬೆ 80. ಚಿಕ್ಕು 75. ಬಾಳೆ ಮತ್ತು ಸೀತಾಫಲ 65 ಮಾತ್ರ. ಹಣ್ಣಿನ ತಳಿ, ಮಾಗಿದ ಮಟ್ಟ ನೋಡಿಕೊಂಡು ಇದು ಸ್ವಲ್ಪ ಹೆಚ್ಚುಕಮ್ಮಿ ಆಗುತ್ತದೆ.

ಪುರಂದರ ಕಡೆಯ ದೊಡ್ಡ ಸೀತಾಫಲ ಒಂದನ್ನು ಪೂರ್ತಿ ತಿಂದರೆ ಎಷ್ಟು ಪಾಲಾಯಿತು ಎಂದು ಒಮ್ಮೆ ತೂಗಿ ನೋಡಿ. ನನ್ನ ಅತ್ತೆಯವರು ತೂಗಿ ನೋಡಿದ ದಿನದಿಂದ ಅರ್ಧವನ್ನು ಡಬ್ಬಿಯಲ್ಲಿ ಹಾಕಿ ಫ್ರಿಜ್‌ಗೆ ಇಡುತ್ತಾರೆ.

ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಕೊಟ್ಟ ಆಹಾರ ಮಾರ್ಗಸೂಚಿಯ ತಟ್ಟೆಯಲ್ಲಿ, 2000 ಕ್ಯಾಲೊರಿಗೆ ಹಣ್ಣು 100 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ ಇದೆ. ಈ ಅನುಪಾತ ಗಮನಿಸಿ. ಮೊದಲ ಎರಡು ವಾರ ದಿನಕ್ಕೆ ಒಂದೇ ಪಾಲು. ಹಂತ 6ರ ಪರೀಕ್ಷೆ ಚೆನ್ನಾಗಿ ಬಂದರೆ ಎರಡು, ಆದರೆ ಒಟ್ಟಿಗೆ ಬೇಡ, ನಡುವೆ ನಾಲ್ಕೈದು ಗಂಟೆ ಬಿಡಿ.

ಆಯ್ಕೆಯಲ್ಲಿ ನನ್ನ ಪಕ್ಷಪಾತ ಪೇರಲೆಗೆ. ನಾರು ಜಾಸ್ತಿ, ಅಗಿಯಲು ಹೊತ್ತು ಬೇಕು, ನಮ್ಮ ರೈಲ್ವೆ ಸ್ಟೇಷನ್ ಮೆಟ್ಟಿಲ ಹತ್ತಿರವೇ ಸಿಗುತ್ತದೆ, ಡಬ್ಬಿಯಲ್ಲಿ ಬೇಗ ಕೆಡುವುದಿಲ್ಲ. ಮಳೆಗಾಲದ ಶುರುವಿನಲ್ಲಿ ಬರುವ ನೇರಳೆ ಹಣ್ಣೂ ಒಳ್ಳೆಯದೇ. ದುಬಾರಿ ಬ್ಲೂಬೆರಿ ಹುಡುಕಿಕೊಂಡು ಮಾಲ್‌ಗೆ ಹೋಗಬೇಕಾಗಿಲ್ಲ.

## ಹಂತ 5: ಯಾವುದರ ಜಾಗಕ್ಕೆ ಎಂದು ಹೆಸರಿಟ್ಟು ಬದಲಿಸಿ

ನೋಟ್‌ಬುಕ್‌ನಲ್ಲಿ ಹೀಗೆ ಬರೆಯಿರಿ: "ಸಂಜೆ ಐದರ ಎರಡು ಖಾರಿ ಹೋಯಿತು, 100 ಗ್ರಾಂ ಪೇರಲೆ ಮತ್ತು ಒಂದು ಸಣ್ಣ ಹಿಡಿ ಹುರಿದ ಶೇಂಗಾ ಬಂತು." ಹೋದದ್ದರ ಹೆಸರು ಬರೆಯಲಾಗದಿದ್ದರೆ ಆ ದಿನ ಹಣ್ಣು ಬೇಡ. ಕೇಳಲು ಕಠಿಣ ಅನ್ನಿಸಬಹುದು. ನನ್ನಲ್ಲಿ ಬಂದವರಿಗೆ ಫಲ ಕೊಟ್ಟಿದ್ದು ಜಾಸ್ತಿ ಈ ಒಂದು ನಿಯಮವೇ.

ಹೊತ್ತು: ಬೆಳಿಗ್ಗೆ ಹನ್ನೊಂದು, ಇಲ್ಲವೇ ಸಂಜೆ ಐದು. ಮುಂಬೈಯಲ್ಲಿ ಮನೆ ಸೇರುವಾಗ ಎಂಟೂವರೆ, ಊಟ ಒಂಬತ್ತೂವರೆಗೆ, ಅದಾದ ಮೇಲೆ ಹಣ್ಣು, ಆಮೇಲೆ ನೇರ ಹಾಸಿಗೆ. ಸಂಜೆ ಐದಕ್ಕೆ ಆಫೀಸಿನಲ್ಲೇ ಹಣ್ಣು ಮತ್ತು ಶೇಂಗಾ ತಿಂದವರು ಸ್ಟೇಷನ್ ಹೊರಗಿನ ವಡಾಪಾವ್ ದಾಟಿಕೊಂಡು ಮನೆ ಸೇರುತ್ತಾರೆ, ರಾತ್ರಿ ಊಟವೂ ತಾನಾಗಿ ಕಡಿಮೆಯಾಗುತ್ತದೆ.

ಹಣ್ಣನ್ನು ಮನೆಯಲ್ಲೇ ತೊಳೆದು ಇಡಿಯಾಗಿ ಒಯ್ಯಿರಿ. ಮಳೆಗಾಲದಲ್ಲಿ ರಸ್ತೆ ಬದಿಯ ಕಟ್ ಫ್ರೂಟ್ ಪ್ಲೇಟು, ಅದರ ಮೇಲಿನ ಐಸು, ಬೇಡವೇ ಬೇಡ. ಹೆಪಟೈಟಿಸ್ ಎ ಮತ್ತು ಇ ಹರಡುವುದು ಕೊಳಕು ನೀರು, ಆಹಾರದಿಂದ. ಮೊದಲೇ ಸೋತ ಲಿವರ್ ಇರುವವರಿಗೆ ಕಾಮಾಲೆ ಬಂದರೆ ಕಷ್ಟ ಜಾಸ್ತಿ.

## ಹಂತ 6: ನಿಮ್ಮ ದೇಹವನ್ನೇ ಕೇಳಿ, ಗ್ಲುಕೋಮೀಟರ್‌ನಿಂದ

ಒಂದೇ ಹಣ್ಣು ಇಬ್ಬರಲ್ಲಿ ಬೇರೆ ಬೇರೆ ಏರಿಕೆ ಕೊಡುತ್ತದೆ. ಹಾಗಾಗಿ ಪಕ್ಕದ ಮನೆಯವರ ಅನುಭವ ನಿಮಗೆ ಲೆಕ್ಕಕ್ಕಿಲ್ಲ.

ಮಧ್ಯಾಹ್ನದ ಊಟವಾಗಿ ಕನಿಷ್ಠ ಮೂರು ಗಂಟೆ ಕಳೆದಿರಲಿ. ಕೈ ಸೋಪಿನಿಂದ ತೊಳೆದು ಒರೆಸಿ. ಒಮ್ಮೆ ಚುಚ್ಚಿ ಅಂಕಿ ಬರೆಯಿರಿ. ತೂಗಿದ ಹಣ್ಣನ್ನು ಹತ್ತು ನಿಮಿಷದಲ್ಲಿ ತಿನ್ನಿ. ಮೊದಲ ತುತ್ತಿನಿಂದ ಎಣಿಸಿ ಒಂದು ಗಂಟೆಗೆ, ಎರಡು ಗಂಟೆಗೆ ಮತ್ತೆ ನೋಡಿ. ಆ ಎರಡು ಗಂಟೆ ಬೇರೆ ಏನೂ ತಿನ್ನಬೇಡಿ, ವಾಕಿಂಗ್ ಕೂಡ ಬೇಡ. ಎರಡು ದಿನ ಬಿಟ್ಟು ಅದೇ ಹಣ್ಣು, ಅಷ್ಟೇ ತೂಕ, ಈ ಸಲ ಶೇಂಗಾ ಜೊತೆ. ಮೂರನೇ ಸಲ ಹಣ್ಣು ತಿಂದು ಹದಿನೈದು ನಿಮಿಷ ನಡೆದು ನೋಡಿ.

ಇಲ್ಲಿ ಆಗುವ ತಪ್ಪುಗಳು ಬಹಳ. ದೊಡ್ಡದು ಕೈ ತೊಳೆಯದೆ ಇರುವುದು. ಹಣ್ಣು ಸುಲಿದ ಬೆರಳಿನ ಮೇಲೆ ಸಕ್ಕರೆ ಅಂಟಿರುತ್ತದೆ, ಸ್ಟ್ರಿಪ್ ಅದನ್ನೂ ಅಳೆಯುತ್ತದೆ. 2011ರಲ್ಲಿ ಜಪಾನ್‌ನ ವೈದ್ಯರು ಇದನ್ನೇ ಪರೀಕ್ಷಿಸಿ ಪ್ರಕಟಿಸಿದರು: ಹಣ್ಣು ಸುಲಿದ ಬೆರಳನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿದರೂ ಅಂಕಿ ಸುಳ್ಳಾಗಿ ಏರಿತ್ತು, ನೀರಿನಲ್ಲಿ ತೊಳೆದ ಮೇಲೆ ಸರಿಬಂತು. ಸ್ಯಾನಿಟೈಸರ್ ನಂಬಬೇಡಿ. ಒಬ್ಬ ಅಕ್ಕ ಮಾವಿನ ಹಣ್ಣು ಹೆಚ್ಚಿದ ಕೈಯಲ್ಲೇ ಚುಚ್ಚಿಕೊಂಡು, 260 ಬಂತು ಎಂದು ಅಳುತ್ತಾ ಫೋನ್ ಮಾಡಿದ್ದರು. ಕೈ ತೊಳೆಸಿ ಮತ್ತೆ ನೋಡಿಸಿದೆ, 138.

ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಇಲ್ಲಿಯ ತೇವಕ್ಕೆ ಅವು ಹಾಳಾಗುತ್ತವೆ. ಅವಧಿ ಮುಗಿದದ್ದನ್ನು ಬಳಸಬೇಡಿ. ಬೆರಳಿನ ತುದಿಯ ಮಧ್ಯಕ್ಕೆ ಚುಚ್ಚದೆ ಬದಿಗೆ ಚುಚ್ಚಿದರೆ ನೋವು ಕಡಿಮೆ. ಇನ್ನೊಂದು ಮಾತು, ಒಳ್ಳೆಯ ಮೀಟರಿಗೂ ಶೇಕಡಾ 15ರಷ್ಟು ಆಚೀಚೆ ಹೋಗುವ ಅವಕಾಶ ಇದೆ. 128 ಬಂದದ್ದಕ್ಕೂ 136 ಬಂದದ್ದಕ್ಕೂ ವ್ಯತ್ಯಾಸ ಹುಡುಕುತ್ತಾ ಕೂರಬೇಡಿ, ಸುಮ್ನೆ ತಲೆನೋವು.

ನಾನು ಇಟ್ಟುಕೊಂಡ ಅಳತೆ ಇಷ್ಟು: ಒಂದು ಗಂಟೆಯಲ್ಲಿ 50ಕ್ಕಿಂತ ಜಾಸ್ತಿ ಏರಿದರೆ, ಅಥವಾ ಎರಡು ಗಂಟೆಯ ಮೇಲೂ 140ರ ಮೇಲಿದ್ದರೆ, ಆ ಹಣ್ಣಿನ ತೂಕ ಅರ್ಧ ಮಾಡಿ ಮತ್ತೆ ಪರೀಕ್ಷಿಸಿ. ಎರಡು ಸಲವೂ ಹಾಗೇ ಬಂದರೆ ಆ ಹಣ್ಣನ್ನು ಸದ್ಯಕ್ಕೆ ಬದಿಗಿಡಿ.

ಬೆಳಗಿನ ಖಾಲಿ ಹೊಟ್ಟೆಯ ಅಂಕಿ ಏರಿದಾಗ ಜನ ಹಿಂದಿನ ಸಂಜೆಯ ಹಣ್ಣನ್ನು ಬೈಯುತ್ತಾರೆ. ನಿಜವಾಗಿ ಆ ಅಂಕಿ ಬಹಳಷ್ಟು ಲಿವರ್‌ನದು. ರಾತ್ರಿಯಿಡೀ ಲಿವರ್ ಸ್ವಲ್ಪಸ್ವಲ್ಪ ಗ್ಲುಕೋಸ್ ಬಿಡುತ್ತಿರುತ್ತದೆ, ಇನ್ಸುಲಿನ್ ಅದನ್ನು ಹಿಡಿತದಲ್ಲಿಡುತ್ತದೆ. ಕೊಬ್ಬು ತುಂಬಿದ ಲಿವರ್ ಇನ್ಸುಲಿನ್ ಮಾತು ಸರಿಯಾಗಿ ಕೇಳುವುದಿಲ್ಲ. ತಡರಾತ್ರಿಯ ಊಟ, ನಿದ್ದೆಗೆಟ್ಟ ರಾತ್ರಿ ಇದನ್ನು ಇನ್ನಷ್ಟು ಏರಿಸುತ್ತವೆ.

## ಹಂತ 7: ಮಾವಿನ ಸೀಸನ್ ಮತ್ತು ಏಕಾದಶಿಗೆ ಮೊದಲೇ ಯೋಜನೆ

ಏಪ್ರಿಲ್, ಮೇ ತಿಂಗಳಲ್ಲಿ ದೇವಗಡ, ರತ್ನಾಗಿರಿಯ ಆಪೂಸ್ ಪೆಟ್ಟಿಗೆ ಮನೆಗೆ ಬಂದ ಮೇಲೆ ನಿಯಮ ಹಾಕಿಕೊಂಡರೆ ತಡವಾಯಿತು. ಬರುವ ಮೊದಲೇ ತೀರ್ಮಾನಿಸಿ: ಆ ದಿನಗಳಲ್ಲಿ ಬೇರೆ ಹಣ್ಣಿಲ್ಲ, ತಿರುಳು 100 ಗ್ರಾಂ, ಮಧ್ಯಾಹ್ನದ ಅನ್ನದಲ್ಲಿ ಅರ್ಧ ತೆಗೆದು. ಹೆಚ್ಚಿಕೊಂಡು ತಿನ್ನಿ. ಆಮರಸ, ಸೀಕರಣೆ ಮಾಡಿದರೆ ಎರಡು ಮೂರು ಹಣ್ಣು ಒಂದು ಬಟ್ಟಲಿಗೆ ಇಳಿಯುತ್ತದೆ, ಜೊತೆಗೆ ಪೂರಿ. ಅದು ಹಬ್ಬದ ಊಟ, ದಿನದ ಹಣ್ಣಲ್ಲ.

ಏಕಾದಶಿ, ಶ್ರಾವಣ ಸೋಮವಾರ, ನವರಾತ್ರಿ. ಫಲಾಹಾರ ಎನ್ನುವ ಹೆಸರಿನಲ್ಲಿ ಸಾಬುದಾಣಿ ಖಿಚಡಿ, ಬಟಾಟೆ, ಎರಡು ಬಾಳೆಹಣ್ಣು, ಖರ್ಜೂರ, ಸಕ್ಕರೆ ಹಾಕಿದ ಹಾಲು. ಸಾಬುದಾಣಿ ಹೆಚ್ಚುಕಡಿಮೆ ಬರೀ ಪಿಷ್ಟ, ಅದರ ಜೊತೆಗೆ ಬಾಳೆ ಬಂದರೆ ಆ ದಿನ ಮೀಟರ್ ಎಲ್ಲ ದಿನಕ್ಕಿಂತ ಮೇಲೆ ಹೋಗುತ್ತದೆ. ಉಪವಾಸ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಖಿಚಡಿಯನ್ನು ಅರ್ಧ ಮಾಡಿ ಮೊಸರು, ಶೇಂಗಾ ಆಮಟಿ ಜಾಸ್ತಿ ಮಾಡಿಕೊಳ್ಳಿ, ಬಾಳೆ ಬದಲು ಪಪ್ಪಾಯಿ ಇಡಿ. ಶುಗರ್ ಮಾತ್ರೆ ತೆಗೆದುಕೊಳ್ಳುವವರು ಉಪವಾಸದ ಹಿಂದಿನ ದಿನವೇ ಡಾಕ್ಟರಿಗೆ ಫೋನ್ ಮಾಡಿ.

## ಹಂತ 8: ಪುಡಿ, ಕ್ಯಾಪ್ಸೂಲ್, ಕಷಾಯ ದೂರವಿಡಿ

"ಹಣ್ಣಿನ ಸತ್ವ ತಾನೇ?" ಎಂದು ತೆಗೆದುಕೊಳ್ಳುವ ಡಬ್ಬಿಗಳ ಬಗ್ಗೆ ನನಗೆ ನಿಜಕ್ಕೂ ಭಯವಿದೆ. ತೂಕ ಇಳಿಸುವ ಗಾರ್ಸಿನಿಯಾ ಕಾಂಬೋಜಿಯಾ ಕ್ಯಾಪ್ಸೂಲ್‌ಗಳಿಂದ ಲಿವರ್‌ಗೆ ತೀವ್ರ ಪೆಟ್ಟಾದ ಪ್ರಕರಣಗಳು ದಾಖಲಾಗಿವೆ. ಅದು ನಮ್ಮ ಮಲೆನಾಡಿನ ಉಪ್ಪಾಗೆಯದೇ ಸತ್ವ. ಸಾರಿಗೆ ಹಾಕುವ ಎರಡು ಸಿಪ್ಪೆಗೂ ಸಾಂದ್ರ ಮಾಡಿದ ಕ್ಯಾಪ್ಸೂಲಿಗೂ ತುಂಬಾ ಅಂತರ. ಅಮೃತಬಳ್ಳಿ ಕಷಾಯ ಹಣ್ಣಲ್ಲ, ಆದರೆ ಇದೇ ಡಬ್ಬಿಗಳ ಪಕ್ಕ ಸಿಗುತ್ತದೆ ಎಂದು ಹೇಳುತ್ತಿದ್ದೇನೆ: ಅದನ್ನು ಸೇವಿಸಿದ ಮೇಲೆ ಲಿವರ್ ಊತ ಕಂಡ ಆರು ಜನರ ವಿವರವನ್ನು ಮುಂಬೈಯ ವೈದ್ಯರು 2021ರಲ್ಲಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಆ ತೀರ್ಮಾನವನ್ನು ಒಪ್ಪಲಿಲ್ಲ. ಎಸ್‌ಜಿಪಿಟಿ ಮೊದಲೇ ಏರಿರುವವರು ಆ ವಾದ ಮುಗಿಯಲಿ ಎಂದು ಕಾಯುತ್ತಾ ಅದನ್ನು ಕುಡಿಯುವುದು ಬೇಡ. ನೀವು ಏನು ತೆಗೆದುಕೊಳ್ಳುತ್ತಿದ್ದರೂ ಡಬ್ಬಿ ಸಮೇತ ಡಾಕ್ಟರಿಗೆ ತೋರಿಸಿ.

ಹಣ್ಣಿನಲ್ಲೂ ಎರಡಕ್ಕೆ ಎಚ್ಚರ ಬೇಕು. ಕಮರಾಕ್ಷಿ, ಅಂದರೆ ಮಾರ್ಕೆಟ್‌ನಲ್ಲಿ ಕರಂಬಳ ಎನ್ನುವ ನಕ್ಷತ್ರದಾಕಾರದ ಹುಳಿ ಹಣ್ಣು, ಕಿಡ್ನಿ ತೊಂದರೆ ಇರುವವರಿಗೆ ಅಪಾಯಕಾರಿ. ಕೊಲೆಸ್ಟರಾಲ್‌ಗೆ ಸ್ಟ್ಯಾಟಿನ್ ತೆಗೆದುಕೊಳ್ಳುವವರು ಗ್ರೇಪ್‌ಫ್ರೂಟ್, ಚಕ್ಕೋತ ತಿನ್ನುವ ಮೊದಲು ಕೇಳಿಕೊಳ್ಳಿ, ಕೆಲವು ಮಾತ್ರೆಗಳ ಪ್ರಮಾಣ ರಕ್ತದಲ್ಲಿ ಏರಬಹುದು.

## ನಿಲ್ಲಿಸಿ ಡಾಕ್ಟರ ಹತ್ತಿರ ಓಡಬೇಕಾದ ಗುರುತುಗಳು

ಕಣ್ಣು ಹಳದಿ, ಮೂತ್ರ ಕಡು ಚಹಾ ಬಣ್ಣ, ಮೈಯೆಲ್ಲ ತುರಿಕೆ. ಕಾಲು ಅಥವಾ ಹೊಟ್ಟೆ ಊದುವುದು. ವಾಂತಿಯಲ್ಲಿ ರಕ್ತ, ಟಾರಿನಂತೆ ಕಪ್ಪು ಮಲ. ಇವು ಲಿವರ್ ಕಡೆಯವು, ಕೊನೆಯ ಎರಡಕ್ಕೆ ಅದೇ ಕ್ಷಣ ಆಸ್ಪತ್ರೆ. ಪ್ರಯತ್ನಪಡದೆ ತೂಕ ಇಳಿಯುವುದು, ರಾತ್ರಿ ಪದೇಪದೇ ಮೂತ್ರಕ್ಕೆ ಏಳುವುದು, ತಡೆಯಲಾಗದ ಬಾಯಾರಿಕೆ, ಖಾಲಿ ಹೊಟ್ಟೆಯಲ್ಲಿ ಎರಡು ಸಲ 126 ಅಥವಾ ಜಾಸ್ತಿ ಬರುವುದು, ಇವು ಶುಗರ್ ಕಡೆಯವು. ಮಾತ್ರೆ ಅಥವಾ ಇನ್ಸುಲಿನ್ ಇರುವವರಲ್ಲಿ 70ಕ್ಕಿಂತ ಕೆಳಗೆ ಇಳಿದು ಬೆವರು, ನಡುಕ ಬಂದರೆ ಆಗ ಗ್ಲುಕೋಸ್, ಸಕ್ಕರೆ ನೀರು ಅಥವಾ ಜ್ಯೂಸ್ ಕೊಡಲೇಬೇಕು. ಮೇಲೆ ಜ್ಯೂಸ್ ಬೇಡ ಎಂದದ್ದು ಆ ಹೊತ್ತಿಗೆ ಅನ್ವಯಿಸುವುದಿಲ್ಲ.

## ಹಂತ 9: 12 ವಾರದ ನಂತರ ಮರುಪರೀಕ್ಷೆ

ಮೂರು ತಿಂಗಳಿಗಿಂತ ಮೊದಲೇ ಎಚ್‌ಬಿಎ1ಸಿ ಮಾಡಿಸಿ ದುಡ್ಡು ಕಳೆಯಬೇಡಿ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಹಳೆಯ ಕಣಗಳು ಹಳೆಯ ಕಥೆಯನ್ನೇ ಹೇಳುತ್ತವೆ. ಹಿಂದಿನದೇ ಲ್ಯಾಬ್, ಹಿಂದಿನದೇ ಪರೀಕ್ಷೆಗಳು: ಖಾಲಿ ಹೊಟ್ಟೆಯ ಶುಗರ್, ಎಚ್‌ಬಿಎ1ಸಿ, ಲಿಪಿಡ್, ಎಸ್‌ಜಿಪಿಟಿ, ಎಸ್‌ಜಿಒಟಿ, ರಕ್ತ ಕಣಗಳ ಎಣಿಕೆ. ಎರಡು ದಿನ ಮೊದಲಿಂದ ಭಾರಿ ವ್ಯಾಯಾಮ ಬೇಡ. ಕುಡಿಯುವ ಅಭ್ಯಾಸ ಇದ್ದರೆ ಡಾಕ್ಟರಿಗೆ ನಿಜ ಹೇಳಿ, ಇಲ್ಲದಿದ್ದರೆ ಲಿವರ್ ಅಂಕಿಗಳನ್ನು ಓದುವುದೇ ತಪ್ಪಾಗುತ್ತದೆ.

ತೂಕ ಜಾಸ್ತಿ ಇದ್ದವರಲ್ಲಿ ಶೇಕಡಾ 3ರಿಂದ 5ರಷ್ಟು ಇಳಿದರೆ ಲಿವರ್‌ನ ಕೊಬ್ಬು ಕರಗಲು ಶುರುವಾಗುತ್ತದೆ. ಉರಿಯೂತ ಇಳಿಯಲು 7ರಿಂದ 10 ಬೇಕಾಗುತ್ತದೆ. 80 ಕಿಲೋ ಇರುವವರಿಗೆ ಮೊದಲ ಗುರಿ ಅಂದರೆ ಎರಡೂವರೆಯಿಂದ ನಾಲ್ಕು ಕಿಲೋ. ಹಣ್ಣು ಒಂದೇ ಇದನ್ನು ಮಾಡುವುದಿಲ್ಲ. ನೀವು ತೆಗೆದ ಸಕ್ಕರೆ, ಖಾರಿ, ತಡರಾತ್ರಿಯ ಬೋಗುಣಿ, ದಿನದ ನಡಿಗೆ, ಎಲ್ಲ ಸೇರಿ ಮಾಡುತ್ತವೆ.

ಅಂಕಿ ಇಳಿದಿದ್ದರೆ ಇದೇ ಕ್ರಮ ಇನ್ನು ಮೂರು ತಿಂಗಳು, ಹಣ್ಣಿನ ಪಾಲು ಏರಿಸುವುದು ಬೇಡ. ಸೊಂಟ ಕಡಿಮೆಯಾಗಿ ಎಚ್‌ಬಿಎ1ಸಿ ಮಾತ್ರ ಅಲ್ಲೇ ಇದ್ದರೆ ಹಿಮೋಗ್ಲೋಬಿನ್ ಮತ್ತೆ ನೋಡಿ. ಯಾವುದೂ ಕದಲಿಲ್ಲವಾದರೆ ಹಂತ 2ಕ್ಕೆ ವಾಪಸ್ ಹೋಗಿ ಇನ್ನೊಂದು ವಾರ ಬರೆಯಿರಿ, ನಂತರ ಹಳೆಯ ವಾರದ ಪುಟವನ್ನೂ ಹೊಸ ವಾರದ ಪುಟವನ್ನೂ ಪಕ್ಕಪಕ್ಕ ಇಟ್ಟು, "ಹೋಯಿತು" ಎಂದು ಬರೆದ ಪದಾರ್ಥಗಳಲ್ಲಿ ಯಾವುದು ಮೆಲ್ಲಗೆ ವಾಪಸ್ ಬಂದಿದೆ ಎಂದು ಹುಡುಕಿ. ಡಾಕ್ಟರನ್ನು ನೋಡಲು ಹೋಗುವಾಗ ರಿಪೋರ್ಟ್ ಜೊತೆ ಆ ನೋಟ್‌ಬುಕ್ಕನ್ನೂ ತೆಗೆದುಕೊಂಡು ಹೋಗಿ.